ಲಮೀನ್ ಇಲ್ಲದ ಲೂಸಿಯಾ

ಸ್ವೀಡನ್ನಿನ ಸೊಲ್ಲೆಂಟುನಾ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿದೆ. ಅಲ್ಲಿ ಬಟ್ಟೆ ಒಣಗಿಸಲು ಆಳೆತ್ತರದ ಬಿಸಿಗಾಳಿಯ ಕಪಾಟೊಂದಿದೆ. ಅದರ ಬಾಗಿಲು ತೆಗೆದರೆ ಒದ್ದೆ ಉಣ್ಣೆ, ಸಾಬೂನು, ಕಾದ ತಗಡು ಎಲ್ಲ ಸೇರಿದ ವಾಸನೆ ಮುಖಕ್ಕೆ ರಾಚುತ್ತದೆ. ನನ್ನ ಹೆಂಡತಿಗೆ ಅದು ಶುಭ್ರತೆಯ ವಾಸನೆ. ನನಗೆ ಮಾತ್ರ ಅಲ್ಲಿ ನಿಲ್ಲಲಾಗುವುದಿಲ್ಲ. ಅದಕ್ಕೇ ಬಟ್ಟೆಯ ಪಾಳಿ ಬಂದಾಗಲೆಲ್ಲ ನಾನು ಒಂದು ನೆಪ ಹುಡುಕುತ್ತೇನೆ. ಇಷ್ಟು ವರ್ಷ ಸೋಮಾರಿ ಎಂದು ಬೈಸಿಕೊಂಡಿದ್ದೇನೆಯೇ ಹೊರತು ಕಾರಣ ಹೇಳಿಲ್ಲ.

ಕಳೆದ ವಾರ ಅವಳಿಗೆ ಜ್ವರ ಬಂತು. ನೆಪಗಳೆಲ್ಲ ಮುಗಿದು ನಾನೇ ಕೆಳಗಿಳಿದೆ. ಕಪಾಟು ತೆರೆದೆ. 2007ರ ಚಳಿಗಾಲ ಅಲ್ಲೇ ಒಳಗೆ ಕೂತಿತ್ತು. ಇನ್ನು ಬರೆದುಬಿಡುವುದೇ ವಾಸಿ.

ನಾನು ಸಿದ್ದಿ, ಯಲ್ಲಾಪುರದ ಕಡೆಯವನು. ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದ ಮೂಡಣ ಕರಾವಳಿಯಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟ ಹತ್ತಿ ಕಾಡು ಸೇರಿದರು. ಆಮೇಲೆ ಎಷ್ಟೋ ತಲೆಮಾರು ಕಳೆದು ನಾನು ಹುಟ್ಟುವಷ್ಟರಲ್ಲಿ ಬಣ್ಣ, ಸುರುಳಿಗೂದಲು, ಡಮಾಮಿ ಎಂಬ ಡೋಲು ಇಷ್ಟು ಉಳಿದಿದ್ದವು. ಉಳಿದದ್ದೆಲ್ಲ ಈ ನೆಲದ್ದೇ. ನಾನು ಚಿಕ್ಕವನಿದ್ದಾಗ ಸರ್ಕಾರದವರು ನಮ್ಮ ಕೇರಿಗಳಿಗೆ ಬಂದು ಮಕ್ಕಳನ್ನು ಓಟದ ತರಬೇತಿಗೆ ಆರಿಸಿ ಒಯ್ಯುತ್ತಿದ್ದರು. ಆಫ್ರಿಕಾದ ರಕ್ತವಲ್ಲವೇ, ಪದಕ ತಾನಾಗಿ ಬರುತ್ತದೆ ಎಂಬ ನಂಬಿಕೆ. ನಾನು ಓಡಿದ್ದನ್ನು ನೋಡಿ ಕೋಚ್ ಸಾಹೇಬರು, "ಇದು ಎಮ್ಮೆ ಓಟ" ಎಂದರು. ಸಿದ್ದಿಯಾಗಿಯೂ ಓಡಲು ಬಾರದ ನಾನು ಬೇರೆ ದಾರಿಯಿಲ್ಲದೆ ಗಣಿತ ಕಲಿತೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಆಯಿತು. ಆಗ ಸ್ವೀಡನ್ನಿನಲ್ಲಿ ಹೊರದೇಶದವರಿಗೂ ಓದು ಪುಕ್ಕಟೆ ಎಂದು ಗೊತ್ತಾಗಿ ಕಾರ್ಲ್‌ಸ್ಕ್ರೂನಾದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಸೀಟು ಸಿಕ್ಕಿದಾಗ ಕೇರಿಯವರೆಲ್ಲ ಸೇರಿ ಹಾರ ಹಾಕಿದರು. ಅಲ್ಲಿಯವರೆಗೆ ನಮ್ಮವರಲ್ಲಿ ವಿಮಾನ ಹತ್ತಿದವರನ್ನು ನಾನು ಕಂಡಿರಲಿಲ್ಲ.

ಆಗಸ್ಟಿನಲ್ಲಿ ಅಲ್ಲಿಗೆ ಹೋದವನಿಗೆ ಮೊದಲ ಕಷ್ಟ ರೂಮಿನದು. ಇಬ್ಬರು ಭಾರತೀಯ ಹುಡುಗರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಚೀಟಿ ನೋಡಿ ಹೋದೆ. ಬಾಗಿಲು ತೆಗೆದವನು ರಾಘವೇಂದ್ರ, ಎಲ್ಲರ ಬಾಯಲ್ಲಿ ರಘು, ಬೆಂಗಳೂರಿನ ಬಸವನಗುಡಿಯವನು. ಮನೆ ಅವನ ಹೆಸರಲ್ಲಿತ್ತು. ಒಳಗೆ ಚಾ ಕಾಯಿಸುತ್ತಿದ್ದವನು ಗದಗದ ಸಂತೋಷ್. ರಘು ನನಗೆ ಇಂಗ್ಲಿಷಿನಲ್ಲಿ ಬನ್ನಿ ಬನ್ನಿ ಎಂದು ಕೂರಿಸಿ, ಅದೇ ನಗುಮುಖದಲ್ಲಿ ಅಡುಗೆಮನೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ಯಾವನೋ ಕರಿಯ ಬಂದಿದಾನೆ ಗುರು. ರೂಮ್ ಆಗೋಯ್ತು ಅಂತ ಹೇಳಿಬಿಡ್ಲಾ?"

"ಪಾಪ, ಚಾ ಕುಡದು ಹೋಗ್ಲಿ ಬಿಡು," ಎಂದ ಸಂತೋಷ್. "ಆದ್ರ ರೂಮ್ ಮಾತ್ರ ಬ್ಯಾಡಪಾ. ಇವ್ರು ರಾತ್ರಿ ಪೂರ್ತಿ ಮ್ಯೂಸಿಕ್ ಹಚ್ಚಿ ಕುಣೀತಾರ."

ನಾನು ಚಾದ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದೆ. "ಮ್ಯೂಸಿಕ್ ಏನೂ ಇಲ್ಲ. ಯಕ್ಷಗಾನ ಒಂದು ಕೇಳ್ತೆ, ಅದೂ ಸಣ್ಣಕೆ. ಚಾಕ್ಕೆ ಸಕ್ಕರೆ ಮತ್ತೊಂದು ಚಮಚ ಬೇಕಿತ್ತು."

ರಘುವಿನ ಮುಖ ನೋಡಬೇಕಿತ್ತು. ಸಂತೋಷನ ಕೈಯಲ್ಲಿದ್ದ ಹಾಲಿನ ಪೊಟ್ಟಣ ಅರ್ಧ ಒಲೆಯ ಮೇಲೆ ಸುರಿಯಿತು. ಇಬ್ಬರೂ ಕೈ ಮುಗಿದರು, ತಬ್ಬಿಕೊಂಡರು, ಅವತ್ತು ರಾತ್ರಿ ನನಗಾಗಿ ಬಿಸಿಬೇಳೆಬಾತ್ ಮಾಡಿದರು. ರೂಮು ನನ್ನದಾಯಿತು. ಆಮೇಲೆ ಕನ್ನಡದವರು ನಾಲ್ಕು ಜನ ಸೇರಿದಲ್ಲೆಲ್ಲ ರಘು ಈ ಕಥೆಯನ್ನು ತಾನೇ ಅಭಿನಯಿಸಿ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ನಾನು. ಸಿಟ್ಟು ಬರುತ್ತಿರಲಿಲ್ಲವೇ ಎಂದರೆ, ಬರುತ್ತಿತ್ತು. ಆದರೆ ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ರಘು ರಾತ್ರಿಯಿಡೀ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ. ನಗುತ್ತಿದ್ದರೆ ನಾನು ಅವರಲ್ಲೊಬ್ಬನಾಗಿರುತ್ತಿದ್ದೆ, ಅಷ್ಟೇ ಸಾಕಿತ್ತು.

ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿ ಲಮೀನ್ ಇದ್ದ. ಗ್ಯಾಂಬಿಯಾ ದೇಶದವನು, ನನಗಿಂತ ಎರಡು ವರ್ಷ ದೊಡ್ಡವನು. ಮೊದಲ ಸಲ ಕಂಡಾಗ ಅಣ್ಣನ ಹಾಗೆ ಭುಜ ಹಿಡಿದು ಯಾವ ದೇಶ ಎಂದು ಕೇಳಿದ. ಇಂಡಿಯಾ ಎಂದೆ. ತಮಾಷೆ ಎಂದುಕೊಂಡು ನಕ್ಕ. ಪಾಸ್‌ಪೋರ್ಟ್ ತೋರಿಸಿದ ಮೇಲೆ ನಂಬಿದ. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವನ ಕೋಣೆಯಲ್ಲಿ ಸಣ್ಣ ಕೆಟಲ್ಲಿನಲ್ಲಿ ಹಸಿರು ಚಹಾ ಗಂಟೆಗಟ್ಟಲೆ ಕುದಿಯುತ್ತಿತ್ತು. ಮೂರು ಸುತ್ತು ಕುಡಿಯದೆ ಎದ್ದರೆ ಅವನಿಗೆ ಅವಮಾನ. ಮೊದಲನೆಯ ಸುತ್ತು ಕಷಾಯದಷ್ಟು ಕಹಿ, ಕೊನೆಯದು ಪಾನಕದಷ್ಟು ಸಿಹಿ.

ಒಂದು ದಿನ ಅವನು ಡಬ್ಬಿ ಬಡಿಯುತ್ತ ತಮ್ಮೂರಿನ ತಾಳ ಕೇಳಿಸಿ, "ಏನಾದರೂ ಅನಿಸುತ್ತದೆಯೇ? ರಕ್ತದಲ್ಲಿ?" ಎಂದು ಆಸೆಯಿಂದ ನನ್ನನ್ನೇ ನೋಡಿದ. ನಾನು ಕಣ್ಣು ಮುಚ್ಚಿ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ನೆನಪಾದದ್ದು ಚಂಡೆ. ಹಾಗೆಂದೇ ಹೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವನು ಡಬ್ಬಿ ಕೆಳಗಿಟ್ಟು, "ನಮ್ಮ ನದಿಯಿಂದ ಹಡಗು ಹತ್ತಿದವರೆಲ್ಲ ಪಡುವಣಕ್ಕೆ ಹೋದರು. ಅದನ್ನೇ ಶಾಲೆಯಲ್ಲಿ ಓದಿದೆ. ಮೂಡಣಕ್ಕೂ ಜನ ಹೋಗಿದ್ದಾರೆ, ಅಲ್ಲಿ ಮದುವೆಯಾಗಿ ಮಕ್ಕಳಾಗಿ ಬೇರೊಂದು ಭಾಷೆಯಲ್ಲಿ ಬೈದಾಡಿಕೊಂಡಿದ್ದಾರೆ ಅಂತ ಯಾರೂ ಹೇಳಲೇ ಇಲ್ಲ," ಎಂದ. ಅವನಿಗೆ ಇತಿಹಾಸದ ಹುಚ್ಚು. ಈ ದೇಶದ ಕಬ್ಬಿಣದ ಪಟ್ಟಿಗಳು ಆ ಕಾಲದಲ್ಲಿ ಹಡಗು ಹತ್ತಿ ಆಫ್ರಿಕಾದ ಕರಾವಳಿಗೆ ಹೋಗಿ ಅಲ್ಲಿ ಮನುಷ್ಯರನ್ನು ಕೊಳ್ಳುವ ಬೆಲೆಯಾಗಿ ಸಲ್ಲುತ್ತಿದ್ದವು ಎಂದು ಗ್ರಂಥಾಲಯದಲ್ಲಿ ಓದಿ ಬಂದು ಹೇಳಿದವನೂ ಅವನೇ. ಹೇಳುವಾಗ ಸಿಟ್ಟಿರಲಿಲ್ಲ. ಕಿಟಕಿಯಾಚೆ ಆ ಊರಿನ ಹಳೆಯ ನೌಕಾನೆಲೆಯ ಕಡೆ ನೋಡುತ್ತಿದ್ದ.

ವಾರಕ್ಕೆರಡು ದಿನ ಲಮೀನ್ ಹತ್ತಿರದ ಡಾಗಿಸ್‌ನಲ್ಲಿ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿಯಂಥ ಜಾಗದಲ್ಲಿ, ಬದಲಿ ಕೆಲಸ ಮಾಡುತ್ತಿದ್ದ. ಅವನ ಓದು ಟೆಲಿಕಾಂ, ಜೀವ ಮಾತ್ರ ಆ ಮಕ್ಕಳಲ್ಲಿ. ಡಿಸೆಂಬರಿನಲ್ಲಿ ಲೂಸಿಯಾ ಹಬ್ಬ ಬರುತ್ತದೆ. ಆ ಕತ್ತಲ ತಿಂಗಳಲ್ಲಿ ಮಕ್ಕಳು ಬಿಳಿ ನಿಲುವಂಗಿ ತೊಟ್ಟು, ದೀಪ ಹಿಡಿದು, ಹಾಡುತ್ತ ಸಾಲಾಗಿ ಬರುತ್ತಾರೆ. ಗಂಡುಮಕ್ಕಳಿಗೆ ಚಿನ್ನದ ನಕ್ಷತ್ರ ಅಂಟಿಸಿದ ಉದ್ದ ಟೊಪ್ಪಿ. ಆ ಟೊಪ್ಪಿಗಳನ್ನು ಮಾಡುವ ಹೊಣೆ ಲಮೀನ್‌ನದಾಗಿತ್ತು. ನವೆಂಬರಿನಿಂದಲೇ ಅವನ ಕೋಣೆ ತುಂಬ ರಟ್ಟು, ಗೋಂದು, ಚಿನ್ನದ ಕಾಗದ.

ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದೆವು. ಅಡುಗೆ ರಘುವಿನದು, ಸಾಮಾನು ತರುವುದು, ಗುಡಿಸುವುದು ಸಂತೋಷನದು, ಬಟ್ಟೆ ನನ್ನದು. ಒಗೆಯುವ ಕೋಣೆ ಅಂಗಳದಾಚೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಹಲಗೆಯ ಮೇಲೆ ದಿನ, ಗಂಟೆಗಳ ತೂತುಗಳಿದ್ದವು. ನಮ್ಮ ಮನೆಯ ಸಂಖ್ಯೆಯ ಪುಟ್ಟ ಬೀಗವನ್ನು ಬೇಕಾದ ತೂತಿಗೆ ಸಿಕ್ಕಿಸಿದರೆ ಆ ಮೂರು ಗಂಟೆ ನಮ್ಮದು. ಒಂದು ನಿಮಿಷ ಹೆಚ್ಚಾದರೂ ಮುಂದಿನವರು ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಾರೆ. ಮೂವರ ಬಟ್ಟೆಗಳನ್ನೂ ದೊಡ್ಡ ನೀಲಿ ಚೀಲಕ್ಕೆ ತುಂಬಿ ಹೆಗಲಿಗೇರಿಸಿ ನಾನು ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ಹೊರಡುತ್ತಿದ್ದೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಪೂರ್ತಿ ಕತ್ತಲು.

ಆ ಮಂಗಳವಾರ ನೆಲ ಅಂತಸ್ತಿನಲ್ಲಿ ಕಟ್ಟಡದವರಿಗೆಲ್ಲ ಸೇರಿದ ಅಡುಗೆಮನೆಯ ಮೂಲಕ ಹಿಂಬಾಗಿಲಿಗೆ ಹೋದೆ. ರಘುವಿನ ಲ್ಯಾಪ್‌ಟಾಪ್ ಅಲ್ಲಿ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದದ್ದು ಕಂಡಿತು. ಅಲ್ಲಿ ಕೂತು ಓದುವುದು ಅವನ ಅಭ್ಯಾಸ. ಅಮ್ಮನ ಫೋನ್ ಬಂದಿರಬೇಕು, ಮೇಲೆ ಹೋಗಿದ್ದಾನೆ ಎಂದುಕೊಂಡು ಅಂಗಳ ದಾಟಿದೆ. ಹಿಮ ಬೀಳುತ್ತಿತ್ತು. ಜಾಕೆಟ್ಟಿನ ಟೊಪ್ಪಿ ತಲೆಗೆಳೆದಿದ್ದೆ.

ಏಳು ಗಂಟೆಗೆ ಮಡಚಿದ ಬಟ್ಟೆಗಳೊಂದಿಗೆ ವಾಪಸು ಬಂದರೆ ಮನೆಯಲ್ಲಿ ರಂಪ. ಲ್ಯಾಪ್‌ಟಾಪ್ ಹೋಗಿತ್ತು. ರಘುವಿನ ಪ್ರಬಂಧವೆಲ್ಲ ಅದರಲ್ಲೇ ಇತ್ತು. ಅವನ ಕಣ್ಣು ಕೆಂಪಾಗಿತ್ತು.

"ನಾನೇ ನೋಡಿದೆ ಮಗಾ! ಅಮ್ಮನ ಹತ್ರ ಮಾತಾಡ್ತಾ ಕಿಟಕೀಲಿ ನಿಂತಿದ್ದೆ. ಒಬ್ಬ ಕರಿಯ, ದೊಡ್ಡ ಬ್ಯಾಗ್ ಹೆಗಲ ಮೇಲೆ ಹಾಕ್ಕೊಂಡು ಹಿಂದಿನ ಬಾಗ್ಲಿಂದ ಆಚೆ ಹೋದ. ಅರ್ಧ ಗಂಟೆ ಬಿಟ್ಟು ಕೆಳಗೆ ಹೋದ್ರೆ ಲ್ಯಾಪ್‌ಟಾಪ್ ಇಲ್ಲ. ಅವನೇ, ಕೆಳಗಿನ ಲಮೀನ್! ನೀನು ಅಲ್ಲೇ ಲಾಂಡ್ರೀಲಿ ಇದ್ಯಲ್ಲ, ಆ ಕರಿಯನ್ನ ನೋಡಿದ್ಯಾ?"

ನನ್ನ ಕೈಯಲ್ಲಿ ನೀಲಿ ಚೀಲವಿತ್ತು. ಅದರೊಳಗೆ ಮೇಲ್ಗಡೆಗೇ ಅವನ ಎರಡು ಅಂಗಿಗಳಿದ್ದವು, ಒಣಗಿಸುವ ಕಪಾಟಿನ ಬಿಸಿ ಇನ್ನೂ ಆರದೆ. ಅವನು ನನ್ನನ್ನೇ ನೋಡುತ್ತ ಕೇಳುತ್ತಿದ್ದ.

"ಇಲ್ಲ," ಎಂದೆ.

ಒಂದೇ ಮಾತು. ಮೊದಲು ಅದು ದಿಗ್ಭ್ರಮೆಯಲ್ಲಿ ಬಂದದ್ದು, ಸುಳ್ಳು ಹೇಳಬೇಕೆಂದಲ್ಲ. ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಕೂತಾಗ ವಿಷಯ ಪೂರ್ತಿ ತಲೆಗಿಳಿಯಿತು. ನಾಲ್ಕು ತಿಂಗಳು ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡವನು, ಮೇಲಿಂದ ನೋಡಿದಾಗ ನನ್ನನ್ನು ಗುರುತಿಸಲಿಲ್ಲ. ಅದಕ್ಕೆ ಅಳು ಬಂತು. ಅದರ ಬೆನ್ನಿಗೇ ಹೆದರಿಕೆ ಬಂತು. ಅದು ನಾನೇ ಎಂದರೆ? ಲ್ಯಾಪ್‌ಟಾಪನ್ನು ಕೊನೆಗೆ ಕಂಡವನು ನಾನು. ಚೀಲ ಹೊತ್ತು ಹೋದವನು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನೂ ನಾನೇ ಆಗುತ್ತಿದ್ದೆ. ನನ್ನ ವಾಸದ ಪರವಾನಗಿಯ ನವೀಕರಣದ ಅರ್ಜಿ ಹೋದ ವಾರವಷ್ಟೇ ಅಂಚೆಗೆ ಬಿದ್ದಿತ್ತು. ಪೊಲೀಸ್ ಕಾಗದದಲ್ಲಿ ಹೆಸರು ಬಂದರೆ ಗತಿಯೇನು? ಹಾರ ಹಾಕಿದ ಕೇರಿಗೆ ಯಾವ ಮುಖ ಹೊತ್ತು ಹೋಗಲಿ?

ಬೆಳಗಾದ ಮೇಲೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಎದ್ದಾಗ ರಘು ಆಗಲೇ ಬಾಡಿಗೆ ಮನೆಗಳ ಕಚೇರಿಗೂ ಪೊಲೀಸರಿಗೂ ಲಮೀನ್ ಹೆಸರು ಕೊಟ್ಟು ಬಂದಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಸಂಜೆಯೊಳಗೆ ಭಾರತೀಯ ವಿದ್ಯಾರ್ಥಿಗಳಿಗೆಲ್ಲ ಮಿಂಚಂಚೆ ಹೋಯಿತು, ಕೆಳಗಿನ ಆಫ್ರಿಕಾದವರಿಂದ ಹುಷಾರು ಎಂದು. ಅದು ನನಗೂ ಬಂತು.

ಲ್ಯಾಪ್‌ಟಾಪ್ ಕಳುವಾದ ಹೊತ್ತಿನಲ್ಲಿ ಲಮೀನ್ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಟೊಪ್ಪಿಗೆ ನಕ್ಷತ್ರ ಅಂಟಿಸುತ್ತಿದ್ದನಂತೆ. ಸಾಕ್ಷಿ ಯಾರೂ ಇಲ್ಲ. ಪೊಲೀಸರು ಬಂದು ಪ್ರಶ್ನೆ ಕೇಳಿ ಹೋದರು, ಮರ್ಯಾದೆಯಿಂದಲೇ. ಕಚೇರಿಯವರು ದೂರು ನಿಜವಾದರೆ ರೂಮು ಬಿಡಬೇಕಾಗುತ್ತದೆ ಎಂದು ಪತ್ರ ಕೊಟ್ಟರು. ಊರು ಚಿಕ್ಕದು, ಮಾತು ಡಾಗಿಸ್‌ಗೂ ಮುಟ್ಟಿತು. ಇದೆಲ್ಲ ತೀರ್ಮಾನವಾಗುವವರೆಗೆ ಬರುವುದು ಬೇಡ ಎಂದು ಅಲ್ಲಿನ ಮುಖ್ಯಸ್ಥೆ ಮೆತ್ತಗೆ ಹೇಳಿದರು. ಬೈದಿದ್ದರೆ ಜಗಳವಾಡಬಹುದಿತ್ತು ಎಂದು ಲಮೀನ್ ಆಮೇಲೆ ಯಾರಿಗೋ ಹೇಳಿದನಂತೆ.

ಮೂರನೆಯ ದಿನ ಅವನು ನಮ್ಮ ಬಾಗಿಲು ತಟ್ಟಿದ. ರಘು, ಸಂತೋಷ್ ಮನೆಯಲ್ಲಿರಲಿಲ್ಲ, ನೋಡಿಕೊಂಡೇ ಬಂದಿದ್ದ.

"ನಾಳೆ ಕಚೇರಿಗೆ ಕರೆದಿದ್ದಾರೆ. ನೀನು ಜೊತೆಗೆ ಬರುತ್ತೀಯಾ? ಏನೂ ಮಾತಾಡಬೇಡ. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಸಾಕು."

"ನಾಳೆ ಪರೀಕ್ಷೆ ಇದೆ ಲಮೀನ್," ಎಂದೆ. ಪರೀಕ್ಷೆ ಇದ್ದದ್ದು ಮುಂದಿನ ವಾರ.

"ಸರಿ ಸರಿ, ಓದು," ಎಂದು ನನ್ನ ಭುಜ ತಟ್ಟಿ ಇಳಿದು ಹೋದ.

ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಸತ್ಯ ಬಿಸಿತುಪ್ಪವಾಗಿ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಪದೇ ಪದೇ ಅಪ್ಪ ನೆನಪಾಗುತ್ತಿದ್ದ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಕಾಡಿನಲ್ಲಿ ಯಾರೋ ನಾಟಾ ಕಡಿದು ಸಾಗಿಸಿದರು. ಏನು ಕಳುವಾದರೂ ಗಾರ್ಡುಗಳು ಮೊದಲು ಬರುತ್ತಿದ್ದದ್ದು ಸಿದ್ದಿ ಕೇರಿಗೆ. ಅಪ್ಪನನ್ನು ಎಳೆದೊಯ್ದು ಮೂರು ದಿನ ಠಾಣೆಯಲ್ಲಿ ಕೂರಿಸಿದರು. ಅವ್ವಿ ಗಂಜಿ ಹೊತ್ತು ನಡೆದು ಹೋಗುತ್ತಿದ್ದಳು. ನಾಟಾ ಕಳುವಾದ ರಾತ್ರಿ ಅಪ್ಪ ಹೋಗಿದ್ದದ್ದು ಒಡೆಯರ ಮನೆಯ ಗದ್ದೆ ಕಾಯಲು. ಅದು ಒಡೆಯರಿಗೆ ಗೊತ್ತಿತ್ತು. ಗಾರ್ಡುಗಳ ಜೊತೆ ಮನಸ್ತಾಪ ಯಾಕೆಂದು ಸುಮ್ಮನಿದ್ದವರು ಮೂರನೆಯ ದಿನ ಠಾಣೆಗೆ ಬಂದು ಹೇಳಿದರು. ಆ ಒಡೆಯರನ್ನು ಬಾಯ್ತುಂಬ ಬೈಯುತ್ತ ದೊಡ್ಡವನಾದವನು ನಾನು. ಈಗ ನನ್ನ ಮೂರು ದಿನ ಮುಗಿದು ನಾಲ್ಕಾಗಿತ್ತು, ನಾಲ್ಕು ಹೋಗಿ ಆರಾಗಿತ್ತು.

ಎಂಟನೆಯ ದಿನ ಸಂಜೆ ಲಮೀನ್ ಮತ್ತೆ ಬಂದ. ಕೈಯಲ್ಲೊಂದು ದೊಡ್ಡ ಕಾಗದದ ಚೀಲ. ಒಳಗೆ ಹನ್ನೆರಡು ಟೊಪ್ಪಿಗಳು, ಒಂದರೊಳಗೊಂದು.

"ನಾಳೆ ಲೂಸಿಯಾ. ನಾನು ಹೋಗುವ ಹಾಗಿಲ್ಲ. ಬೆಳಿಗ್ಗೆ ಏಳಕ್ಕೆ ಇದನ್ನು ಡಾಗಿಸ್ ಬಾಗಿಲಲ್ಲಿ ಕೊಟ್ಟುಬರುತ್ತೀಯಾ? ಮಕ್ಕಳ ಹೆಸರು ಒಳಗಡೆ ಬರೆದಿದ್ದೇನೆ."

ತೆಗೆದುಕೊಂಡೆ. ಅವನ ಕಣ್ಣು ನೋಡದೆ, ಚೀಲದೊಳಗೆ ನೋಡುತ್ತ ತೆಗೆದುಕೊಂಡೆ.

ಮಾರನೆಯ ಬೆಳಿಗ್ಗೆ ಕಾಲಿಗೆ ಮಂಜುಗಡ್ಡೆ ಕಚ್ಚುವ ಚಳಿ. ಡಾಗಿಸ್‌ನ ಕಿಟಕಿಗಳಲ್ಲೆಲ್ಲ ದೀಪ. ಬಾಗಿಲೊಳಗೆ ಬಿಳಿ ಅಂಗಿಯ ಪುಟಾಣಿಗಳು ಸಾಲು ನಿಲ್ಲಲಾರದೆ ಓಡಾಡುತ್ತಿದ್ದವು. ಟೀಚರಿಗೆ ಚೀಲ ಕೊಟ್ಟು ತಿರುಗಿದೆನೋ ಇಲ್ಲವೋ, ಹಿಂದಿನಿಂದ ಯಾರೋ ಓಡಿ ಬಂದು ನನ್ನ ಕಾಲು ತಬ್ಬಿದರು.

"ಲಮೀನ್! ಲಮೀನ್!"

ನಾಲ್ಕು ವರ್ಷದ ಹುಡುಗಿ, ತಲೆಯ ಮೇಲೆ ಬೆಳ್ಳಿ ಜರಿ. ತಿರುಗಿದೆ. ಅವಳು ಕತ್ತೆತ್ತಿ ನನ್ನ ಮುಖ ನೋಡಿದಳು. ಒಂದು ಕ್ಷಣ, ಅಷ್ಟೇ. ಕೈ ಬಿಟ್ಟಳು.

"ನೀನು ಲಮೀನ್ ಅಲ್ಲ," ಎಂದಳು ಸ್ವೀಡಿಷಿನಲ್ಲಿ. ನನಗೆ ಆ ಭಾಷೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ, ಆದರೂ ಅದು ತಿಳಿಯಿತು. ಆಮೇಲೆ ಅವಳು ನನ್ನ ಪಕ್ಕದಿಂದ ಬಾಗಿ, ನನ್ನ ಬೆನ್ನ ಹಿಂದೆ ಕತ್ತಲಲ್ಲಿ ಅವನು ಬರುತ್ತಿದ್ದಾನೇನೋ ಎಂದು ಹುಡುಕಿದಳು.

ಮುಖ ಕಂಡ ಕೂಡಲೇ ಆ ಮಗುವಿಗೆ ಗೊತ್ತಾಯಿತು. ನನಗೆ ನಾಚಿಕೆಯಾಯಿತು. ರಘುವಿನ ಬಗ್ಗೆಯಲ್ಲ, ನನ್ನ ಬಗ್ಗೆ. ಒಳಗೆ ಹಾಡು ಶುರುವಾಗುವಷ್ಟರಲ್ಲಿ ನಾನು ರಸ್ತೆಯಲ್ಲಿ ಓಡುತ್ತಿದ್ದೆ. ಬದುಕಿನಲ್ಲಿ ಮೊದಲ ಸಲ ಸರಿಯಾಗಿ ಓಡಿದ್ದು ಅವತ್ತೇ ಇರಬೇಕು. ಆದರೂ ಮನೆಯ ಮೆಟ್ಟಿಲ ಬುಡದಲ್ಲಿ ಧೈರ್ಯ ಉಡುಗಿತು. ತರಗತಿಗೆ ಹೋಗಿ ಕೂತು, ಏನೂ ಕೇಳಿಸಿಕೊಳ್ಳದೆ, ನಾಲ್ಕು ಗಂಟೆಗೆ ಹಿಂತಿರುಗಿದೆ. ರಘುವೂ ಸಂತೋಷನೂ ಮನೆಯಲ್ಲಿದ್ದರು.

"ರಘು, ಅವತ್ತು ನೀ ನೋಡಿದ್ದು ನನ್ನ."

"ಏನು?"

"ಮಂಗಳವಾರ, ನಾಲ್ಕು ಗಂಟೆಗೆ. ನೀಲಿ ಚೀಲ. ನಮ್ಮ ಬಟ್ಟೆ. ಅದು ನಾನು."

ರಘು ನಕ್ಕ. ನಿಜವಾಗಿಯೂ ನಕ್ಕ. "ಸುಮ್ನಿರು ಮಗಾ. ಅವನು ನಿನ್ ಫ್ರೆಂಡು, ಉಳಿಸ್ಬೇಕು ಅಂತ ಹೇಳ್ತಿದೀಯ. ನೀನಾಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ದಿನಾ ನೋಡೋ ಮುಖ ಅಲ್ವೇನೋ?"

"ಒಂಬತ್ತು ದಿನದಿಂದ ನಾನೂ ಅದನ್ನೇ ಕೇಳ್ಕಂತಿದ್ದೆ."

ನೀಲಿ ಚೀಲಕ್ಕೆ ಕೈಗೆ ಸಿಕ್ಕಿದ ಬಟ್ಟೆ ತುಂಬಿದೆ. ಬಾಗಿಲ ಹಿಂದೆ ದಿನಾ ತೂಗುತ್ತಿದ್ದ ನನ್ನ ಕರಿಯ ಜಾಕೆಟ್ ಹಾಕಿಕೊಂಡು ಟೊಪ್ಪಿ ಎಳೆದುಕೊಂಡೆ. "ಕಿಟಕಿ ಹತ್ರ ನಿಲ್ಲು," ಎಂದು ಕೆಳಗಿಳಿದೆ. ಹೊರಗೆ ಅದೇ ಕತ್ತಲು. ಹಿಂಬಾಗಿಲಿನಿಂದ ಅಂಗಳಕ್ಕೆ ಬಂದು ದೀಪದ ಕಂಬದ ಕೆಳಗೆ ಹಾದು ಆಚೆಯ ಕಟ್ಟಡದವರೆಗೆ ನಡೆದೆ. ಬೆನ್ನು ಉರಿಯುತ್ತಿತ್ತು. ಅಲ್ಲಿ ಗೋಡೆಗೆ ಕೈಯಾನಿಸಿ ನೂರರವರೆಗೆ ಎಣಿಸಿ ಹಿಂತಿರುಗಿದೆ.

ಮೇಲೆ ಬಂದಾಗ ರಘು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕುಸಿದಿದ್ದ. ಸಂತೋಷ್ ಮಾತ್ರ ನಿಂತಿದ್ದ. "ಅವಾ ಹೇಳೋದು ಖರೇ ಐತಿ ರಘು," ಎಂದ ಅವನು.

ರಘು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. ಆಮೇಲೆ ತಲೆಯೆತ್ತಿದ. ಅವನ ಮುಖದಲ್ಲಿ ಮೊದಲು ಅವಮಾನ ಕಂಡಿತು, ಅದರ ಹಿಂದಿನಿಂದ ಇನ್ನೊಂದು ಮೆಲ್ಲಗೆ ಮೇಲೆ ಬಂತು. ಅದು ಬರುತ್ತದೆಂದು ನನಗೆ ಗೊತ್ತಿತ್ತು. ಒಂಬತ್ತು ದಿನ ನಾನು ಹೆದರಿದ್ದು ಅದಕ್ಕೇ.

"ಮಗಾ... ಹಂಗಾದ್ರೆ... ನೀನೇನಾದ್ರೂ ತಗೊಂಡ್ಯಾ?"

"ನಿನ್ನ ಎರಡು ಅಂಗಿ ತಗೊಂಡು ಹೋಗಿದ್ದೆ. ತೊಳೆದು, ಮಡಚಿ, ನಿನ್ನ ಮಂಚದ ಮೇಲೆ ಇಟ್ಟಿದ್ದೆ," ಎಂದೆ. "ಬಾ, ನನ್ನ ಕೋಣೆ ಹುಡುಕು. ಆಮೇಲೆ ಪೊಲೀಸ್ ಠಾಣೆಗೆ ಹೋಪ."

ಅವನು ಹುಡುಕಲಿಲ್ಲ. ಜಾಕೆಟ್ ಹಾಕಿಕೊಂಡು ನನ್ನ ಜೊತೆ ಬಂದ. ಠಾಣೆಯಲ್ಲಿದ್ದ ಹೆಣ್ಣುಮಗಳು ಎಲ್ಲ ಬರೆದುಕೊಂಡಳು. ಒಗೆಯುವ ಕೋಣೆಯ ಹಲಗೆಯಲ್ಲಿ ಅವತ್ತಿನ ಪಾಳಿ ಯಾರದು ಎಂದು ಕೇಳಿ ತಿಳಿದುಕೊಂಡಳು. ಕೊನೆಗೆ ಪೆನ್ನು ಕೆಳಗಿಟ್ಟು, ಇದನ್ನು ಹೇಳಲು ಇಷ್ಟು ದಿನ ಯಾಕಾಯಿತು ಎಂದಳು. ಹೆದರಿಕೆ, ಎಂದೆ. ಅವಳು ಅದನ್ನೂ ಬರೆದುಕೊಂಡಳೇನೋ.

ಆಮೇಲೆ ಆದದ್ದು ಹೆಚ್ಚೇನೂ ಇಲ್ಲ. ರಘು ದೂರಿನಿಂದ ಲಮೀನ್ ಹೆಸರು ತೆಗೆಸಿದ, ಎಲ್ಲರಿಗೂ ಇನ್ನೊಂದು ಮಿಂಚಂಚೆ ಕಳಿಸಿ ಕ್ಷಮೆ ಕೇಳಿದ. ಕಂಪ್ಯೂಟರ್ ಸಿಗಲೇ ಇಲ್ಲ, ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ರೂಮಿನ ಕಥೆಯನ್ನು ರಘು ಮತ್ತೆಂದೂ ಅಭಿನಯಿಸಲಿಲ್ಲ. ನನ್ನ ಪರವಾನಗಿ ಫೆಬ್ರವರಿಯಲ್ಲಿ ಸುಸೂತ್ರವಾಗಿ ಬಂತು. ಯಾರೂ ಏನೂ ಕೇಳಲಿಲ್ಲ. ಆ ಲಕೋಟೆ ಕೈಯಲ್ಲಿ ಹಿಡಿದು ನನಗೆ ಸಂತೋಷವಾಗಲಿಲ್ಲ, ಅದನ್ನು ಪುಸ್ತಕಗಳ ಕೆಳಗೆ ತುರುಕಿಟ್ಟೆ. ಡಾಗಿಸ್‌ನವರು ಲಮೀನ್‌ನನ್ನು ಮತ್ತೆ ಕರೆದರು. ಅವನು ಹೋಗಲಿಲ್ಲ. ವಸಂತ ಬರುವ ಮೊದಲೇ ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡು ಹೊರಟುಹೋದ.

ಆದರೆ ಬರೆಯಲೇಬೇಕಾದದ್ದು ಆ ಲೂಸಿಯಾದ ಸಂಜೆಯ ಮಾತು. ಠಾಣೆಯಿಂದ ಬಂದವನು ಮೇಲೆ ಹತ್ತದೆ ನೇರ ಲಮೀನ್‌ನ ಬಾಗಿಲು ತಟ್ಟಿದೆ. ಅವನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ. ಅವನ ಮುಖ ಹಗುರಾಗುತ್ತದೆ ಎಂದು ಕಾದೆ. ಒಂದು ಗಳಿಗೆ ಆಯಿತು ಕೂಡ. ಆಮೇಲೆ ಅವನ ಹುಬ್ಬು ಗಂಟಿಕ್ಕಿತು.

"ಅದು ನೀನು ಅಂತ ನಿನಗೆ ಯಾವತ್ತು ಗೊತ್ತಾಯಿತು?"

ಇವತ್ತು ಎನ್ನಬಹುದಿತ್ತು. ನಂಬುತ್ತಿದ್ದ. "ಅವತ್ತೇ," ಎಂದೆ. "ಸಂಜೆ ಏಳು ಗಂಟೆಗೆ."

"ಕಚೇರಿಗೆ ಬಾ ಅಂತ ನಾನು ಕರೆದಾಗ?"

"ಗೊತ್ತಿತ್ತು."

"ನಿನ್ನೆ? ಟೊಪ್ಪಿ ತೆಗೆದುಕೊಂಡಾಗ?"

ನಾನು ತಲೆಯಾಡಿಸಿದೆ. ಕ್ಷಮಿಸು ಎಂದೆ, ಹೆದರಿದ್ದೆ ಎಂದೆ, ಪರವಾನಗಿ ಎಂದೆ, ನಮ್ಮ ಕೇರಿ ಎಂದೆ. ನನ್ನ ಕಿವಿಗೇ ಅವು ಹೊಲಸಾಗಿ ಕೇಳಿಸಿದವು. ಅವನು ಸಿಟ್ಟಾಗಲಿಲ್ಲ. ಏನೋ ಲೆಕ್ಕ ತಪ್ಪಿದವನ ಹಾಗೆ ನನ್ನ ಮುಖವನ್ನೇ ನೋಡುತ್ತ ನಿಂತ.

"ನಿನ್ನ ಸ್ನೇಹಿತನ ಮೇಲೆ ನನಗೆ ಸಿಟ್ಟಿಲ್ಲ," ಎಂದ ಕಡೆಗೆ. "ಅವನಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದವನು ತಪ್ಪು ಹೇಳಿದ. ನಿನಗೆ ಗೊತ್ತಿತ್ತು."

ಬಾಗಿಲನ್ನು ಅವನು ಧಡಾರನೆ ಹಾಕಲಿಲ್ಲ. ಯಾವಾಗಿನಂತೆ, ಅಕ್ಕಪಕ್ಕದವರಿಗೆ ಸದ್ದಾಗದ ಹಾಗೆ, ಮೆಲ್ಲಗೆ ಹಾಕಿಕೊಂಡ.